ಶಿಫಾರಸಿಗೆ ಶಿಫಾರಸು

ಎಂ.ಎಸ್ಸಿ. ಮಾಡಬೇಕೆಂದು ನಾನು ಮತ್ತೆ ಓದಲು ಹೊರಟಾಗ ನನ್ನ ಮಗಳು ಆಗಲೇ ಹೈಸ್ಕೂಲು ಸೇರಿದ್ದಳು. ಚಳ್ಳಕೆರೆಯಲ್ಲಿ ನಮ್ಮ ಮನೆಯವರದು ಶೇಂಗಾ ಎಣ್ಣೆ ವ್ಯಾಪಾರ. ನಾನು ಅಲ್ಲೇ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅರ್ಜಿಯ ಜೊತೆ ಎರಡು ಶಿಫಾರಸು ಪತ್ರ ಬೇಕಿತ್ತು. ಒಂದನ್ನು ನಮ್ಮ ಹೆಡ್‌ಮಾಸ್ಟರು ಕೊಟ್ಟರು. ಇನ್ನೊಂದನ್ನು ಡಿಗ್ರಿಯಲ್ಲಿ ಪಾಠ ಮಾಡಿದವರೇ ಬರೆಯಬೇಕಿತ್ತು. ನನಗೆ ಸಸ್ಯಶಾಸ್ತ್ರ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಮೊಳಕಾಲ್ಮೂರಿನಲ್ಲಿದ್ದಾರೆಂದು ತಿಳಿದು ಒಂದು ಭಾನುವಾರ ಬಸ್ಸು ಹತ್ತಿದೆ.

ಸರ್ ಜಗಲಿಯ ಮೇಲೆ ಪೇಪರು ಓದುತ್ತಾ ಕೂತಿದ್ದರು. ಹೆಸರು ಹೇಳಿದೆ, ಕಾಲೇಜು ಬಿಟ್ಟ ವರ್ಷ ಹೇಳಿದೆ, ಈಗ ಚಳ್ಳಕೆರೆಯ ಎಣ್ಣೆ ವ್ಯಾಪಾರದ ಮನೆಯವಳೆಂದೆ, ಶಿಫಾರಸು ಪತ್ರಕ್ಕೆ ಬಂದಿದ್ದೇನೆಂದೂ ಹೇಳಿದೆ. ಮುಖದಲ್ಲಿ ಗುರುತಿನ ಸುಳಿವೇ ಇಲ್ಲ. ಕೊನೆಗೆ, ಅವರು ನಮ್ಮನ್ನು ವರವು ಕಾವಲಿನ ಹುಲ್ಲುಗಾವಲಿಗೆ ಹುಲ್ಲಿನ ಜಾತಿಗಳನ್ನು ತೋರಿಸಲು ಕರೆದುಕೊಂಡು ಹೋಗಿದ್ದನ್ನು ನೆನಪಿಸಿದೆ.

“ಓಹೋ, ನೀನಾ? ನಾನು ಹೇಳಿದ ಹುಲ್ಲಿನ ಹೆಸರು ತಪ್ಪು ಅಂತ ಎಲ್ಲಾರ ಮುಂದೆ ಅಂದೋಳು.”

“ಹೌದು ಸರ್.”

“ತಪ್ಪೇ ಇತ್ತು ಬಿಡು,” ಎಂದವರು ಒಳಗೊಮ್ಮೆ ನೋಡಿ ದನಿ ತಗ್ಗಿಸಿದರು. “ಪತ್ರ ಬರ್ಕೊಡ್ತೀನಿ. ಆದ್ರೆ ನಂದೂ ಒಂದು ಕೆಲ್ಸ ಐತೆ.”

ಈಚೆಗೆ ಸರ್ ತಿರುವಿನಲ್ಲಿ ಮೊಪೆಡ್‌ನಿಂದ ಬಿದ್ದು ಮಂಡಿ ತರಚಿಕೊಂಡಿದ್ದರಂತೆ. ಅಂದಿನಿಂದ ಗಾಡಿಯ ಕೀಲಿಕೈ ಅವರ ಹೆಂಡತಿಯ ಸೊಂಟದಲ್ಲಿ. ಸರ್ ಜವಾಬ್ದಾರಿಯುಳ್ಳ ಮನುಷ್ಯರೆಂದು ನಾನು ಅವರ ಹೆಂಡತಿಗೆ ಮನವರಿಕೆ ಮಾಡಬೇಕಿತ್ತು.

ಅಷ್ಟರಲ್ಲಿ ಆ ತಾಯಿ ಕಾಫಿ ತಂದರು. ಸರ್ ಪೇಪರಿನ ಹಿಂದೆ ಮರೆಯಾದರು. ನಾನು ಗಂಟಲು ಸರಿಮಾಡಿಕೊಂಡು, ಸರ್ ಎಷ್ಟು ಶಿಸ್ತಿನವರೆಂದು ಶುರುಮಾಡಿದೆ.

“ಏಮ್ಮಾ, ಇವರು ಗಾಡಿ ಓಡ್ಸಿದ್ದು ನೀನು ನೋಡಿದೀಯಾ?”

“ನೋಡಿಲ್ಲ ಅಮ್ಮಾ.”

ಪೇಪರು ಅಲುಗಾಡಿತು.

“ಆದ್ರೆ ಕ್ಲಾಸಿಗೆ ಒಂದಿನಾನೂ ತಡವಾಗಿ ಬಂದಿಲ್ಲ,” ಎಂದೆ.

“ಅದೇ ಮತ್ತೆ. ಬೇಗ ಹೋಗ್ಬೇಕು ಅಂತ ಹೋಗೇ ಬಿದ್ದಿದ್ದು.” ಒಂದು ಕ್ಷಣ ನನ್ನನ್ನೇ ದಿಟ್ಟಿಸಿ ಕೀಲಿಕೈ ತೆಗೆದರು. “ಇಷ್ಟು ಹೇಳ್ತೀಯಲ್ಲ, ನೀನೇ ಹಿಂದೆ ಕೂತು ಒಂದು ರೌಂಡ್ ಹೋಗ್ಬಾ. ಸರಿಯಾಗಿ ವಾಪಸ್ ಬಂದ್ರೆ ನೋಡಾಣ.”

ಇದು ನನ್ನ ಲೆಕ್ಕದಲ್ಲಿರಲಿಲ್ಲ. ಸೆರಗು ಸುತ್ತಿಕೊಂಡು, ಸೀಟನ್ನು ಬಿಗಿಯಾಗಿ ಹಿಡಿದು ಹಿಂದೆ ಕೂತೆ. ಹೆದರುವ ಕಾರಣವೇ ಇರಲಿಲ್ಲ. ಸರ್ ಎಷ್ಟು ನಿಧಾನಕ್ಕೆ ಓಡಿಸಿದರೆಂದರೆ ಮಗ್ಗದ ಸದ್ದು ಕೇಳುವ ಬೀದಿಯಲ್ಲಿ ಒಂದು ಮೇಕೆ ನಮ್ಮನ್ನು ಹಿಂದೆ ಹಾಕಿತು. ನಡುವೆ ಚರಂಡಿ ಪಕ್ಕದ ಗಿಡವೊಂದನ್ನು ತೋರಿಸಿ ಅದರ ಲ್ಯಾಟಿನ್ ಹೆಸರು ಕೇಳಿದರು. ಪುಣ್ಯಕ್ಕೆ ಗೊತ್ತಿತ್ತು. ಬಸ್‌ಸ್ಟ್ಯಾಂಡ್ ಹತ್ತಿರ ಗಾಡಿ ತಾನಾಗಿಯೇ ಎಂಬಂತೆ ನಿಂತಿತು. ಎದುರಿಗೇ ಮೆಣಸಿನಕಾಯಿ ಬಜ್ಜಿ ಬಾಣಲೆಯಲ್ಲಿ ತೇಲುತ್ತಿತ್ತು.

“ಎಣ್ಣೆ ಪದಾರ್ಥಾನೂ ಬಂದ್ ಮಾಡಿದಾಳೆ,” ಎಂದರು ಸರ್. “ನೀನು ಎಣ್ಣೆ ವ್ಯಾಪಾರದ ಮನೆಯೋಳು. ನಿಂಗೆ ಅರ್ಥ ಆಗ್ತೈತೆ.”

ನಮ್ಮ ಮನೆತನದ ಮರ್ಯಾದೆಗಾಗಿ ನಾನೂ ತಿಂದೆ.

ಮನೆಗೆ ಬಂದಾಗ ಆ ತಾಯಿ ಬಾಗಿಲಲ್ಲೇ ನಿಂತಿದ್ದರು. ಮೊಪೆಡ್ಡನ್ನು ಸುತ್ತು ಹಾಕಿ ನೋಡಿದರು, ನನ್ನ ಮೊಣಕೈ ನೋಡಿದರು. ಆಮೇಲೆ ಗಂಡನ ಹತ್ತಿರ ಬಂದು ಮೂಗರಳಿಸಿದರು.

“ಗಾಡಿಗೆ ಪಾಸು, ಬಾಯಿಗೆ ಫೇಲು. ಲೈಬ್ರರಿ ತನಕ ಮಾತ್ರ ಹೋಗ್ರಿ. ಬಸ್‌ಸ್ಟ್ಯಾಂಡ್ ಕಡೆ ತಿರುಗಿದ್ರೆ ನಂಗೆ ಗೊತ್ತಾಗ್ತದೆ.”

ಸರ್ ತಲೆಯಾಡಿಸಿದರು. ನಾನೂ ಆಡಿಸಿದೆ, ಅದರಲ್ಲಿ ನನ್ನ ಪಾಲೂ ಇತ್ತಲ್ಲ.

ಪತ್ರವನ್ನು ಅವರು ಅಲ್ಲೇ ಕೂತು, ಒಂದೇ ಬೆರಳಿನಲ್ಲಿ ಫೋನಿನಲ್ಲಿ ಕುಟ್ಟಿ ನೇರ ಯೂನಿವರ್ಸಿಟಿಗೇ ಕಳಿಸಿದರು. ಏನು ಬರೆದರೆಂದು ತೋರಿಸಲಿಲ್ಲ. ಕೇಳಿದ್ದಕ್ಕೆ, “ಅದು ಗುಟ್ಟು ಕಣಮ್ಮ,” ಎಂದು ನಕ್ಕರು. ಆ ನಗು ನೋಡಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಸಮಾಧಾನವಿರಲಿಲ್ಲ. ಆದರೆ ಎಂ.ಎಸ್ಸಿ. ಸೀಟು ಸಿಕ್ಕಿತು.

ಮೊದಲ ದಿನ ನಾನು ಕ್ಲಾಸಿನ ಬಾಗಿಲು ದಾಟುತ್ತಿದ್ದಂತೆ ಹುಡುಗರೂ ಹುಡುಗಿಯರೂ ದಡಬಡ ಎದ್ದು ನಿಂತು “ಗುಡ್ ಮಾರ್ನಿಂಗ್ ಮೇಡಂ” ಎಂದರು. ನಾನು “ಕೂತ್ಕೊಳ್ಳಿ” ಎಂದು ಹೇಳಿ, ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.