ಕರಿ ಅಭ್ರಕದೊಳಗಿನ ನೀರು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಅನ್ನುತ್ತಿದ್ದಳು. ಆ ಸಿಟ್ಟಿಗೆ ಒಬ್ಬರು ನೇಕಾರರು ಎರಡು ಬೆರಳು ತೆತ್ತರು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಬೆಳಗಾವಿಯ ಕಾಲೇಜೊಂದರಲ್ಲಿ ನಾನು ಭೂವಿಜ್ಞಾನ ಓದುತ್ತಿದ್ದೆ. ಖಾನಾಪುರದ ಕಡೆಯ ಗ್ರಾನೈಟ್ ಕಲ್ಲಿನಲ್ಲಿ ಮಿಣಮಿಣ ಹೊಳೆಯುವ ಕರಿ ಅಭ್ರಕದಲ್ಲಿ, ಅಂದರೆ ಕಾಗೆಬಂಗಾರದಲ್ಲಿ, ಏನೇನು ಎಷ್ಟೆಷ್ಟಿದೆ ಎಂದು ಕಂಡುಹಿಡಿಯುವುದು ನನ್ನ ಪ್ರಬಂಧದ ಕೆಲಸ. ಪ್ರಯೋಗಾಲಯದ ಸಹಾಯಕರು ಊರಿನ ನೇಕಾರರ ಬಡಾವಣೆ ವಡಗಾವಿಯವರು, ಐವತ್ತು ದಾಟಿದವರು. ಬೆಳಿಗ್ಗೆ ಮನೆಯಲ್ಲಿ ಕೈಮಗ್ಗ, ಹತ್ತಕ್ಕೆ ಸೈಕಲ್ ಏರಿ ಕಾಲೇಜು. ನಾನು ಅವರಿಗೆ ಕಾಕಾ ಅನ್ನುತ್ತಿದ್ದೆ, ಅವರು ನನಗೆ ಅಕ್ಕಾರ ಅನ್ನುತ್ತಿದ್ದರು. ಇಬ್ಬರೂ ರೈಲಿನಲ್ಲಿ ಖಾನಾಪುರಕ್ಕೆ ಹೋಗಿ, ಹಳ್ಳದ ದಂಡೆಯಲ್ಲಿ ಕಲ್ಲು ಒಡೆದು ಚೀಲ ಹೊತ್ತು ತಂದಿದ್ದೆವು. "ಬೆಳಗಾವ್ಯಾಗ ಕಲ್ಲ ಸಿಗೂದಿಲ್ಲೇನ್ರಿ?" ಎಂದು ಅಲ್ಲಿಯವರು ನಕ್ಕಿದ್ದರು.

ಕಲ್ಲು ಕುಟ್ಟಿ ಜರಡಿ ಹಿಡಿದ ಮೇಲೆ ಅಭ್ರಕ ಬೇರೆ ಮಾಡುವುದೇ ದೊಡ್ಡ ತಲೆನೋವು. ಕಾಕಾ ಒರಟು ಕಾಗದವನ್ನು ಓರೆಯಾಗಿ ಹಿಡಿದು, ಪುಡಿ ಸುರಿದು, ಕೆಳಗಿನಿಂದ ಬೆರಳಲ್ಲಿ ಮೆಲ್ಲಗೆ ಬಡಿಯುತ್ತಿದ್ದರು. ದುಂಡು ಹರಳುಗಳು ಉರುಳಿ ಹೋಗುತ್ತಿದ್ದವು, ಚಪ್ಪಟೆ ಅಭ್ರಕ ಕಾಗದದ ಮೇಲೇ ಉಳಿಯುತ್ತಿತ್ತು. "ನಮ್ಮನಿಯಾಕಿ ಮೊರದಾಗ ಜ್ವಾಳಾ ಹಸನ ಮಾಡೂದು ನೋಡಿ ಕಲ್ತೀನ್ರಿ" ಎಂದು ನಗುತ್ತಿದ್ದರು. ಮಗ್ಗದಲ್ಲಿ ಕಡಿದ ಎಳೆಯನ್ನು ಹುಡುಕಿ ಗಂಟು ಹಾಕುವ ಬೆರಳುಗಳವು.

ಆ ಅಭ್ರಕವನ್ನು ತೂಗಿ ಆಮ್ಲದಲ್ಲಿ ಕರಗಿಸಿ ಕೊಡುವುದೂ ಕಾಕಾರ ಕೆಲಸವೇ. ಅದರಲ್ಲಿನ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲದರ ಆಕ್ಸೈಡುಗಳ ಶೇಕಡಾ ಪಾಲುಗಳನ್ನು ಕೂಡಿಸಿದರೆ ನೂರರ ಹತ್ತಿರ ಬರಬೇಕು. ನನಗೆ ಬಂದದ್ದು ತೊಂಬತ್ತಾರು. ಮೂರು ದಿನ ಕೂಡಿಸಿದರೂ ತೊಂಬತ್ತಾರೇ. ಪ್ರಬಂಧ ಒಪ್ಪಿಸಲು ಒಂದೇ ವಾರ ಉಳಿದಿತ್ತು. ತಲೆ ಕೆಟ್ಟು, ಎಲ್ಲರೆದುರು ಕಾಕಾರ ಮೇಲೆ ಹರಿಹಾಯ್ದೆ.

"ಚೆಲ್ಲೀರೇನ್ರಿ ಕಾಕಾ? ಖರೇ ಹೇಳ್ರಿ!"

"ಇಲ್ರಿ ಅಕ್ಕಾರ. ಒಂದ ಚೂರೂ ಚೆಲ್ಲಿಲ್ರಿ."

"ಹಂಗಾರ ನಾಕ ಪಾಲು ಎಲ್ಲಿ ಹೋತು? ಕಾಗಿ ತಿಂತೇನು?"

ಅವರ ಮುಖ ಸಣ್ಣದಾಯಿತು. "ಇನ್ನೊಮ್ಮಿ ಮಾಡಿ ಕೊಡ್ತೀನ್ರಿ" ಅಂದರು. ಮರುದಿನ ಮಗ್ಗಕ್ಕೂ ಕೂರದೆ ಬೆಳ್ಳಂಬೆಳಿಗ್ಗೆ ಬಂದು, ನಾನು ಹೋಗುವಷ್ಟರಲ್ಲಿ ಕೆಲಸ ಹಚ್ಚಿಬಿಟ್ಟಿದ್ದರು. ಸಿಲಿಕಾ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲ ಗಾಜನ್ನೂ ತಿನ್ನುವಂಥದ್ದು. ಅವರ ರಬ್ಬರ್ ಕೈಗವಸು ಸೀಳಿತ್ತು. ಬಲಗೈಗೆ ಆಮ್ಲ ತಾಗಿದಾಗ ಉರಿಯಲಿಲ್ಲವಂತೆ. ನೀರಲ್ಲಿ ತೊಳೆದು, ಧೋತರಕ್ಕೆ ಒರೆಸಿಕೊಂಡು ಮುಂದುವರಿಸಿದರು. ಬೇರೆ ಆಮ್ಲಗಳು ತಾಗಿದ ಕೂಡಲೇ ಉರಿಯುತ್ತವೆ. ಇದು ಮೊದಲು ಸುಮ್ಮನಿದ್ದು ಆಮೇಲೆ ಎಲುಬಿಗಿಳಿಯುತ್ತದೆ. ಅದನ್ನು ಪುಸ್ತಕದಲ್ಲಿ ಓದಿದ್ದವಳು ನಾನು. ಅವರಿಗೆ ಹೇಳಿರಲಿಲ್ಲ. ಸಂಜೆ ಹೊತ್ತಿಗೆ ಕಾಕಾ ನೋವಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ಕೊನೆಗೆ ದವಾಖಾನೆಯಲ್ಲಿ ಹೆಬ್ಬೆರಳನ್ನೂ ತೋರುಬೆರಳನ್ನೂ ತೆಗೆದರು.

ಅವರು ಎರಡನೇ ಸಲ ಮಾಡಿದ್ದೂ ತೊಂಬತ್ತಾರೇ ಬಂತು. ಪ್ರಬಂಧಕ್ಕೆ ದಾರಿ ತೋರುತ್ತಿದ್ದ ಗುರುಗಳು ನನ್ನ ಲೆಕ್ಕದ ಹಾಳೆ ನೋಡಿ, "ಅಲ್ಲವ್ವಾ, ಇದರಾಗ ನೀರು ಎಲ್ಲೈತಿ?" ಎಂದು ಕೇಳಿದರು. ಕರಿ ಅಭ್ರಕದ ಹರಳಿನ ಕಟ್ಟಿನೊಳಗೇ ನೀರಿನ ಅಂಶ ಇರುತ್ತದೆ. ಬಿಸಿಲಿಗೆ ಒಣಗಿಸಿದರೆ ಹೋಗುವಂಥದ್ದಲ್ಲ, ಕೆಂಪಗೆ ಕಾಯಿಸಿ ಬೇರೆಯಾಗಿ ಅಳೆಯಬೇಕು. ನಾನು ಅಳೆದೇ ಇರಲಿಲ್ಲ. ಆಮೇಲೆ ಅಳೆದೆ. ಹೆಚ್ಚುಕಡಿಮೆ ನಾಲ್ಕು ಪಾಲು ಸಿಕ್ಕಿತು. ಅಯ್ಯೋ ಶಿವನೇ, ಕಾಕಾ ಒಂದು ಚೂರೂ ಚೆಲ್ಲಿರಲಿಲ್ಲ.

ಹೇಳಿಬಿಡಬೇಕು, ಕಾಲು ಹಿಡಿಯಬೇಕು ಎಂದು ವಡಗಾವಿಗೆ ಹೋದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ಕಾಕಾರ ಹೆಂಡತಿ "ಕುಂದರ್ರಿ ಅಕ್ಕಾರ" ಎಂದು ಚಹಾ ಕೊಟ್ಟರು. ಕಾಕಾ ಪಟ್ಟಿ ಸುತ್ತಿದ ಕೈಯನ್ನು ಟಾವೆಲ್ಲಿನಲ್ಲಿ ಮುಚ್ಚಿಕೊಂಡು, ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

"ನೂರು ಬಂತೇನ್ರಿ?"

"ಬಂತ್ರಿ ಕಾಕಾ."

ಅವರ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ, "ನಾ ಹೇಳಲಿಲ್ಲೇನು? ಮೊದಲನೇ ಸರ್ತಿ ನಾನ ಎಲ್ಲೋ ಚೆಲ್ಲಿರಬೇಕು. ಅಕ್ಕಾರ ಬೈದದ್ದು ಛಲೋ ಆತು" ಅಂದರು.

ನಾನು ಚಹಾ ಕುಡಿದು ಎದ್ದು ಬಂದೆ.