ಕೆಮ್ಮದ ಕಣ್ಣು

ನಮ್ಮ ಮನೆಯ ಬೀರುವಿನ ಬಾಗಿಲು ತೆಗೆದರೆ ಒಂದು ವಾರದಿಂದ ನುಸಿಗುಳಿಗೆಯ ವಾಸನೆಯ ಬದಲು ಹೊಸ ರಬ್ಬರಿನ ವಾಸನೆ ಬರುತ್ತಿದೆ. ಸೀರೆಗಳ ಕೆಳಗೆ, ನನ್ನ ಹೆಂಡತಿ ಒಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟ ಜಾಗದಲ್ಲಿ, ದೂರದ್ದನ್ನು ಹತ್ತಿರ ತರುವ ಉದ್ದನೆಯ ಬಿಳಿ ಲೆನ್ಸೊಂದು ಡಬ್ಬಿಯೊಳಗೆ ಮಲಗಿದೆ. ನನ್ನದಲ್ಲ. ದಾವಣಗೆರೆಯ ಅಂಗಡಿಯವರು ಪರಿಚಯದ ಮೇಲೆ, "ಒಂದು ವಾರ ಇಟ್ಕಂಡು ನೋಡ್ರಿ ಸಾರ್, ಮನಸಿಗೆ ಬಂದ್ರೆ ತಗಳ್ರಿ" ಎಂದು ಕೊಟ್ಟದ್ದು. ವಾರ ಮುಗಿದಿದೆ. ಬೆಳಿಗ್ಗೆ ಅವರ ಫೋನ್ ಬಂತು, ನಾನು ಎತ್ತಲಿಲ್ಲ. ಬೇಕು ಎನ್ನಲು ನಾಚಿಕೆ, ಬೇಡ ಎನ್ನಲು ಸಂಕಟ. ನಾಚಿಕೆ ದುಡ್ಡಿನದೆಂದು ನೀವು ಅಂದುಕೊಂಡರೆ ನೀವೂ ನನ್ನ ಹೆಂಡತಿಯ ಪಕ್ಷವೇ. ಸ್ವಲ್ಪ ಕೂತು ಕೇಳಿ.

ಹಗರಿಬೊಮ್ಮನಹಳ್ಳಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುವ ನನಗೆ ಹಕ್ಕಿಯ ಹುಚ್ಚು ಹಿಡಿದದ್ದು ಐವತ್ತರ ಹತ್ತಿರ. ಆ ವಯಸ್ಸಿಗೆ ಉಳಿದವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ನನಗೆ ಇದು ಬಂತು. ಭಾನುವಾರವಾದರೆ ಸಾಕು, ಯಾವುದಾದರೊಂದು ಕೆರೆಯ ದಂಡೆ. ಕ್ಯಾಮೆರಾದ ಜೊತೆಗೇ ಬಂದ ಪುಟ್ಟ ಲೆನ್ಸಿನಲ್ಲಿ ನಾನು ಹಿಡಿದ ಹಕ್ಕಿಗಳೆಲ್ಲ ಎಳ್ಳುಕಾಳಿನಷ್ಟಿರುತ್ತಿದ್ದವು. ಹಕ್ಕಿಪ್ರಿಯರ ವಾಟ್ಸಾಪ್ ಗುಂಪಿಗೆ ಹಾಕಿದರೆ, "ಕೆರೆ ಚೆನ್ನಾಗಿದೆ ಸರ್" ಎಂದು ಬರೆಯುತ್ತಿದ್ದರು. ಹೆಂಡತಿಯಂತೂ ಕನ್ನಡಕ ಏರಿಸಿ, "ಇದು ಹಕ್ಕಿನೋ, ಗಾಜಿನ ಮ್ಯಾಲ ಕುಂತ ಧೂಳೋ?" ಎಂದಳು. ಹೀಗೆ ಮಾನ ಹೋದ ಮೇಲೆ ಉದ್ದನೆಯ ಲೆನ್ಸಿನ ಆಸೆ ಹುಟ್ಟಿತು. ಅದರ ಬೆಲೆಗೆ ಎರಡು ಬೈಕು ಬರುತ್ತವೆಂದು ತಿಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಅದನ್ನ ಹತ್ತಿ ಊರಿಗೆ ಹೋಗಾಕ ಬರ್ತೈತೇನ್ರಿ?"

ಈಗ ಲೆನ್ಸನ್ನು ಅಲ್ಲೇ ಬಿಟ್ಟು ನಮ್ಮ ದೊಡ್ಡಪ್ಪನ ಕೆಮ್ಮಿಗೆ ಹೋಗಬೇಕು. ಹಾದಿ ತಪ್ಪುತ್ತಿದ್ದೇನೆ ಅನ್ನಬೇಡಿ, ಹಾದಿ ಇರುವುದೇ ಹಾಗೆ.

ನಮ್ಮೂರು ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯ ಕಡೆ. ದೊಡ್ಡಪ್ಪನ ಎದೆ ಗಟ್ಟಿಯಾಗಿತ್ತು, ಯಾವ ರೋಗವೂ ಇರಲಿಲ್ಲ. ಆದರೂ ಹೊತ್ತುಹೊತ್ತಿಗೆ ಕೆಮ್ಮುತ್ತಿದ್ದ. ಅಂಗಳಕ್ಕೆ ಕಾಲಿಡುವ ಮುಂಚೆ, ಬಚ್ಚಲ ಕಡೆ ತಿರುಗುವ ಮುಂಚೆ, ಬಾವಿಯ ಹಾದಿ ಹಿಡಿಯುವ ಮುಂಚೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಣ್ಣನ ಹೆಂಡತಿಯಾಗಿ ಅತ್ತಿಗೆ ನಮ್ಮ ಮನೆಗೆ ಬಂದಳು. ಸೊಂಟ ದಾಟಿದ ಕೂದಲು. ಸೋಮವಾರ ತಲೆಗೆ ಎರೆದುಕೊಂಡು ಮಾಳಿಗೆಯ ಮೇಲೆ ಬಿಸಿಲಿಗೆ ಕೂದಲು ಹರಡಿಕೊಂಡು ಕೂತಿದ್ದಾಗ ಓಣಿಯ ತಿರುವಿನಲ್ಲೇ ಕೆಮ್ಮು ಕೇಳುತ್ತಿತ್ತು. "ಮಾವಾರ ಕೆಮ್ಮು ಬಂತು, ಹಿಂದ ಮಾವಾರು ಬರ್ತಾರ" ಎಂದು ಅತ್ತಿಗೆ ನಗುತ್ತ ಕೂದಲು ಬಾಚಿ ಸೆರಗು ಹೊದೆಯುತ್ತಿದ್ದಳು. ಒಮ್ಮೆ ಥಂಡಿಯಾಗಿ ದೊಡ್ಡಪ್ಪನ ಗಂಟಲು ಪೂರಾ ಕಟ್ಟಿತು. ಕೆಮ್ಮು ಬರಲೊಲ್ಲದು. ತನ್ನದೇ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಪರಸ್ಥಳದವನ ಹಾಗೆ ನಿಂತಿದ್ದ. ನನ್ನನ್ನು ಕಂಡು ಪಿಸುಗುಟ್ಟಿದ: "ಒಳಗ ಹೋಗಿ ನಾ ಬಂದೀನಿ ಅಂತ ಹೇಳಲೇ." ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನಮ್ಮದು ಬಯಲು ಸೀಮೆ. ಹೊಲಕ್ಕೆ ಬೇಲಿಯಿಲ್ಲ, ಕೆರೆಗೆ ಕಾಂಪೌಂಡಿಲ್ಲ. ನಮ್ಮ ಹೆಂಗಸರಿಗೆ ಇರುವ ಮರೆ ಎಂದರೆ ದೂರವೊಂದೇ. ದೂರ ಇದ್ದವನಿಗೆ ಕಾಣುವುದಿಲ್ಲ ಎಂದು ಅವರು ನಿರಾಳವಾಗಿ ಕೂರುತ್ತಾರೆ, ಹತ್ತಿರ ಬರುವವನು ಕೆಮ್ಮಿ ಬರುತ್ತಾನೆ. ಯಾರೂ ಬರೆದಿಡದಿದ್ದರೂ ಎಲ್ಲರೂ ನಡೆಸಿಕೊಂಡು ಬಂದ ಕರಾರು ಅದು. ಅಂಗಡಿಯವರು ಈ ಲೆನ್ಸಿನ ಗುಣಗಳನ್ನೆಲ್ಲ ಬಿಡಿಸಿ ಹೇಳಿದರು. ಇದು ಕೆಮ್ಮುವುದಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಕಳೆದ ಭಾನುವಾರ ಈ ಲೆನ್ಸು ಹೊತ್ತುಕೊಂಡು ನಮ್ಮೂರ ಕೆರೆಗೇ ಹೋದೆ. ಬಳ್ಳಾರಿ ಜಾಲಿಯ ಪೊದೆಯಲ್ಲಿ ಮುಳ್ಳು ಚುಚ್ಚಿಸಿಕೊಳ್ಳುತ್ತ ಅಡಗಿ ಕುಳಿತೆ. ನೀರಿನಲ್ಲಿ ಬಣ್ಣದ ಕೊಕ್ಕರೆಯೊಂದಿತ್ತು. ಅದರ ರೆಕ್ಕೆಯ ಗರಿಗರಿಯೂ ಕಂಡಾಗ ಹಿಗ್ಗಿಹೋದೆ. ಅದು ಎದ್ದು ಆಚೆ ದಡಕ್ಕೆ ಹಾರಿತು, ನಾನು ಲೆನ್ಸು ತಿರುಗಿಸುತ್ತ ಹಿಂದೆಯೇ ಹೋದೆ. ಹಕ್ಕಿ ಇಳಿದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಒಬ್ಬ ಹೆಂಗಸು ಒಂಟಿಯಾಗಿ ಕೂತಿದ್ದಳು. ಸೆರಗು ಹೆಗಲಿಗೆ ಜಾರಿತ್ತು. ತಲೆಯಲ್ಲಿ ಕೂದಲಿರಲಿಲ್ಲ. ಕಣ್ಣು ಮುಚ್ಚಿ, ಬೋಳುತಲೆಯನ್ನು ಗಾಳಿಗೆ ಒಡ್ಡಿ ತನ್ನಷ್ಟಕ್ಕೆ ನಗುತ್ತಿದ್ದಳು. ನಮ್ಮ ಅತ್ತಿಗೆ.

ಕೆಲವು ತಿಂಗಳ ಹಿಂದೆ ಅವಳಿಗೆ ಆಪರೇಷನ್ ಆಗಿತ್ತು. ಹೊಟ್ಟೆಯಲ್ಲಿ ಹುಣ್ಣು ಎಂದಿದ್ದ ಅಣ್ಣ. ಆಮೇಲಿನಿಂದ ಯಾವಾಗ ಹೋದರೂ ಅವಳ ತಲೆಯ ಮೇಲೆ ಸೆರಗು ಬಿಗಿಯಾಗಿರುತ್ತಿತ್ತು. "ಡಾಕ್ಟರು ಗಾಳಿ ಬಡಿಸ್ಕಬ್ಯಾಡ ಅಂದಾರ" ಎನ್ನುತ್ತಿದ್ದಳು. ಅಕ್ಕನಿಗೆ ಈಗ ಭಕ್ತಿ ಹೆಚ್ಚಾಗಿದೆ ಎಂದು ನನ್ನ ಹೆಂಡತಿ ಚೇಷ್ಟೆ ಮಾಡಿದ್ದಳು, ನಾನೂ ನಕ್ಕಿದ್ದೆ. ಎದುರಿಗೆ ಕೂತು ಅವಳು ಬಡಿಸಿದ್ದನ್ನು ಉಂಡಾಗ ತಿಳಿಯದ್ದು ಕೆರೆಯ ಆಚೆಯಿಂದ ಒಂದು ಗಳಿಗೆಯಲ್ಲಿ ತಿಳಿಯಿತು.

ತಿಳಿದ ಮೇಲೆ ನಾನೇನು ಮಾಡಿದೆ ಕೇಳಿ. ಬೆರಳು ಒತ್ತಿತು. ಅದು ಕೈಯ ಚಟ, ಬಿಡಿ. ಆದರೆ ಆಮೇಲೆ, ಮುಖ ಇನ್ನಷ್ಟು ಸ್ಪಷ್ಟವಾಗಲೆಂದು ಲೆನ್ಸಿನ ತಿರುಗಣೆ ತಿರುವಿ, ಉಸಿರು ಹಿಡಿದು, ಮತ್ತೊಮ್ಮೆ ಒತ್ತಿದೆ. ಆ ಎರಡನೆಯದಕ್ಕೆ ಕೈಯನ್ನು ದೂರಲು ಬರುವುದಿಲ್ಲ. ನಾಚಿಕೆ ಎಂದೆನಲ್ಲ, ಅದು ಇಲ್ಲಿಯದು.

ಲೆನ್ಸನ್ನು ಚೀಲದಲ್ಲಿ ಮುಚ್ಚಿ, ಕೆರೆ ಏರಿ ಸುತ್ತಿಕೊಂಡು ಹೋದೆ. ಬಹಳ ದೂರದಿಂದಲೇ ದೊಡ್ಡಪ್ಪನ ಹಾಗೆ ಕೆಮ್ಮಿದೆ. ಅತ್ತಿಗೆ ಸೆರಗು ಹೊದ್ದಳು. "ಏನ್ ಸಿಕ್ತೋ ಇವತ್ತು?" ಎಂದಳು. ಕೊಕ್ಕರೆ ಎಂದೆ. ತೋರಿಸು ಎಂದಳು. ಬ್ಯಾಟರಿ ಹೋಗಿದೆ ಎಂದು ಸುಳ್ಳು ಹೇಳಿದೆ. ಮನೆಗೆ ಬಂದು ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದಾಗಿ ಒಮ್ಮೆ ನೋಡಿದೆ. ಎರಡನೆಯದು ನಾನು ಈವರೆಗೆ ತೆಗೆದ ಚಿತ್ರಗಳಲ್ಲೆಲ್ಲ ಚೆಂದದ್ದು. ಎರಡನ್ನೂ ಅಳಿಸಿ ಹಾಕಿದೆ. ಅಳಿಸಿದ ಮೇಲೆ, ನಾನೆಷ್ಟು ದೊಡ್ಡ ಮನುಷ್ಯ ಎಂದು ಕೊಂಚ ಬೀಗಿದೆನೆಂಬುದನ್ನೂ ನಿಮ್ಮಲ್ಲಿ ಮುಚ್ಚಿಡುವುದಿಲ್ಲ.

ನಿನ್ನೆ ದಾವಣಗೆರೆಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಅತ್ತಿಗೆ, ಸುತ್ತಾದರೂ, ನಮ್ಮ ಮನೆಗೆ ಬಂದಳು. ಹೆಂಡತಿ ಹಾಲು ತರಲು ಹೋದದ್ದೇ ತಡ, ಕೇಳಿದಳು:

"ಎಲ್ಲೈತೋ ನಿನ್ನ ಊದುಗೊಳವಿ?"

"ಯಾವ ಊದುಗೊಳವಿ?"

"ಅದ, ಬೆಳ್ಳಂದು. ಆವತ್ತು ಜಾಲಿ ಗಿಡದಾಗಿಂದ ಹೊರಗ ಬಂದಿತ್ತಲ್ಲ. ಕಣ್ಣು ಬಿಟ್ಟು ನೋಡಿದ್ರ ನನ್ನ ಕಡೀಗೇ ತಿರುಗಿತ್ತು."

"ಮತ್ತ ಆವಾಗ್ಲೇ ಸೆರಗು ಹೊದ್ಕಬೇಕಿತ್ತಲ್ಲ ಅತ್ತಿಗಿ" ಎಂದೆ, ತಪ್ಪು ಅವಳದೇ ಎನ್ನುವ ಹಾಗೆ.

"ನೋಡಿ ಆದ ಮ್ಯಾಲ ಮುಚ್ಚಿ ಏನ್ ಮಾಡೂದು ಅಂತ ಸುಮ್ನ ಕುಂತೆ. ಆಮ್ಯಾಲ ನೀನು ಕೆಮ್ಮಿಕಂತ ಬಂದಿ. ಪಾಪ, ಅಷ್ಟು ದೂರದಿಂದ ಕೆಮ್ಮಿಕಂತ ಬರ್ತಾನ, ಹೊದ್ದುಕೊಳ್ಳದಿದ್ರ ಅವಂಗ ಹೆಂಗಾಗಬ್ಯಾಡ ಅಂತ ಹೊದ್ಕಂಡೆ."

ಅವಳ ಮಾನಕ್ಕೆಂದು ನಾನು ಕೆಮ್ಮಿದ್ದೆ. ಸೆರಗು ಏರಿದ್ದು ನನ್ನ ಮಾನ ಮುಚ್ಚಲು. ಕಾಯಿಲೆಯನ್ನು ನಮಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಕ್ಯಾನ್ಸರ್ ಅಂದ್ರ ಮಂದಿ ಮಣ್ಣಿಗೆ ಬಂದಂಗ ಬರ್ತಾರ ಮಾತಾಡಸಾಕ. ಅದನ್ನ ಬಿಡು. ಆ ಫೋಟೋ ತೋರ್ಸು. ನಿಮ್ಮಣ್ಣ ಮನ್ಯಾಗಿನ ಕನ್ನಡಿ ಎತ್ತಿಟ್ಟಾನ. ನಾ ಹೆಂಗ ಅದೀನೋ ನನಗ ಗೊತ್ತಿಲ್ಲ."

"ಅಳಿಸಿಬಿಟ್ಟೆ" ಎಂದೆ.

ಅತ್ತಿಗೆಯ ಮುಖ ಬಾಡಿತು. "ಯಾಕೋ? ಅಷ್ಟು ಕೆಟ್ಟ ಕಾಣ್ತಿದ್ನೇನು?"

ತೆಗೆಯುವಾಗ ಅವಳನ್ನು ಕೇಳಲಿಲ್ಲ. ಅಳಿಸುವಾಗಲೂ ಕೇಳಲಿಲ್ಲ. ನಾನು ಪುಣ್ಯವೆಂದುಕೊಂಡದ್ದು ಎರಡನೆಯ ಕಳ್ಳತನವಾಗಿತ್ತು.

ಅವಳೇ ಸೆರಗು ಸರಿಸಿ, "ಈಗ ತಗಿ" ಎಂದು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಬಿಳಿ ಲೆನ್ಸು ತಂದೆ. ಹತ್ತಿರದವರು ಅದಕ್ಕೆ ಕಾಣುವುದಿಲ್ಲ. ಹಿಂದೆ ಸರಿದೆ, ಸರಿದೆ, ಬೆನ್ನು ಗೋಡೆಗೆ ತಾಗಿದರೂ ಅತ್ತಿಗೆ ಮಬ್ಬಾಗಿಯೇ ಇದ್ದಳು. ಕೊನೆಗೆ ಹಳೆಯ ಪುಟ್ಟ ಲೆನ್ಸನ್ನೇ ಹಾಕಿ ತೆಗೆದೆ. ತುಟಿ ಬಿಗಿದು, ರೇಷನ್ ಕಾರ್ಡಿಗೆ ಕೂತ ಹಾಗೆ ಕೂತಿದ್ದಳು. ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಅದರಾಗೂ ಹಿಂಗ ಇದ್ನೇನು?"

"ಇಲ್ಲ ಅತ್ತಿಗಿ. ಅದರಾಗ ನಗ್ತಿದ್ದಿ."

"ಹೌದಾ?" ಎಂದು ಸೆರಗು ಎಳೆದುಕೊಂಡಳು. "ಹಂಗಾರ ಅದನ್ನ ನೀನೊಬ್ಬನೇ ನೋಡಿದಂಗಾತು ಬಿಡು."

ಇದನ್ನು ಬರೆಯುತ್ತಿದ್ದಂತೆ ಅಂಗಡಿಯವರ ಫೋನ್ ಮತ್ತೆ ಬಂತು. ಎತ್ತಿದೆ. "ಏನ್ ಮಾಡಿದ್ರಿ ಸಾರ್? ಲೆನ್ಸಲ್ಲಿ ಏನಾರ ತೊಂದ್ರೆ ಐತಾ?" ಎಂದರು. ಲೆನ್ಸಿನಲ್ಲಿ ಏನೂ ತೊಂದರೆಯಿಲ್ಲ, ನಾಳೆ ತಂದು ಕೊಡುತ್ತೇನೆ ಎಂದೆ. ಆಸೆ ಹೋಯಿತೆಂದಲ್ಲ. ಅಂಥ ನಗು ಇನ್ನೊಮ್ಮೆ ಕಂಡರೆ ನನ್ನ ಬೆರಳು ಸುಮ್ಮನಿರುವುದಿಲ್ಲ ಎಂಬುದು ನನಗೆ ಗೊತ್ತಾಗಿಬಿಟ್ಟಿದೆ, ಅದಕ್ಕೆ.

ಡಬ್ಬಿ ತೆಗೆಯಲು ಎದ್ದೆ. ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು, ಒಳಗೆ ಹೆಂಡತಿಯ ಬಳೆ ಸದ್ದು. ಇಷ್ಟು ವರ್ಷ ಸೀದಾ ನುಗ್ಗುತ್ತಿದ್ದವನು ಹೊಸ್ತಿಲ ಈಚೆಗೇ ನಿಂತು ಕೆಮ್ಮಿದೆ.

"ಯಾಕ್ರಿ," ಎಂದಳು ಒಳಗಿನಿಂದ, "ಥಂಡಿ ಆಗೈತೇನು?"