ಮುತ್ಯಾಲಮ್ಮನ ಕರಿ ಗಡಿಗೆ

ಸೂಲಿಬೆಲೆ ಸುತ್ತಮುತ್ತ ಮುತ್ಯಾಲಮ್ಮನ ಗಡಿಗೆಯ ನೀರು ಕುಡಿಯದ ಮನೆಯೇ ಇರಲಿಲ್ಲ. ಕುಂಬಾರರ ಮನೆ; ಮೈದುನ ತಿಗರಿ ತಿರುಗಿಸಿದರೆ, ತಟ್ಟುವುದು, ಸುಡುವುದು, ಊರೂರಿಗೆ ಹೊರುವುದು ಇವಳದು. ಒಂದು ಗಡಿಗೆ ಕೊಟ್ಟರೆ ಅದು ಹಿಡಿಯುವಷ್ಟು ರಾಗಿ. ಅದು ತಾತನ ಕಾಲದ ಪದ್ಧತಿ.

ನಲವತ್ತೆರಡನೇ ಇಸವಿಯ ಬೇಸಿಗೆ. ರಂಗೂನು ಜಪಾನಿನವರ ಕೈಸೇರಿತ್ತು. ಊರ ಗೌಡರು ವೆಂಕಟರಾಯಪ್ಪ ಬೆಂಗಳೂರಿನಲ್ಲಿ ಬಾಂಬಿನ ಭಯಕ್ಕೆ ಬೀದಿದೀಪಕ್ಕೆ ಕರಿಕಾಗದ ಸುತ್ತಿದ್ದನ್ನು ಕಂಡು ಬಂದವರು, ಅಂದಿನಿಂದ ನಿದ್ದೆಗೆಟ್ಟರು. ಕಣಜ ತುಂಬಿದ ಮನೆ. ಹತ್ತಿರದಲ್ಲಿ ಚಿಂತಿಸಲು ಅವರಿಗೆ ಏನಿತ್ತು? ಕತ್ತಲಾದರೆ ಊರಲ್ಲಿ ಬೆಂಕಿ ಕಾಣಕೂಡದೆಂದು ಒಂದು ಸಂಜೆ ಅಪ್ಪಣೆ ಮಾಡಿದರು.

ಮುತ್ಯಾಲಮ್ಮ ಆ ಬೆಳಿಗ್ಗೆಯೇ ಆವಿಗೆಗೆ ಬೆಂಕಿ ಕೊಟ್ಟಿದ್ದಳು. ಒಳಗೆ ನೂರು ಗಡಿಗೆ. ಮನೆಯಲ್ಲಿ ರಾಗಿ ಮೂರೇ ದಿನಕ್ಕೆ. ಹೊತ್ತು ಮುಳುಗುವಾಗ, ಉರಿ ಆಳೆತ್ತರ ಎದ್ದಿರುವಾಗ, ತಳವಾರ ಬೈರಣ್ಣ ಎರಡು ಕೊಡ ನೀರು ಹೊತ್ತು ಬಂದ.

"ಆರಿಸಬೇಕಂತೆ ಕಣಕ್ಕಾ. ಜಪಾನಿನೋರ ವಿಮಾನಕ್ಕೆ ಕಾಣ್ತದಂತೆ."

"ನನ್ನ ಗಡಿಗೆ ಮೇಲೆ ಅವರಿಗ್ಯಾಕಪ್ಪಾ ಕಣ್ಣು? ಅವರೂರಲ್ಲಿ ಕುಂಬಾರ್ರಿಲ್ವಾ?"

ಬೈರಣ್ಣ ಕೊಡಗಳನ್ನು ಆವಿಗೆಯ ಪಕ್ಕ ಇಳಿಸಿದ.

"ಈಗ ನೀರು ಬಿದ್ರೆ ಎಲ್ಲಾ ಸಿಡಿದು ಓಡಾಗ್ತದೆ ಕಣೋ. ನಾವು ತಿನ್ನೋದೇನು?"

ಗೌಡರ ಜಗಲಿಯಿಂದ ಕೂಗು ಬಂತು. "ಲೇ ಬೈರಾ, ಇನ್ನೂ ಉರೀತಾ ಐತಲ್ಲೋ!"

ಬೈರಣ್ಣ ಕೊಡ ಎತ್ತಿದ. ಮುತ್ಯಾಲಮ್ಮ ಅವನ ಮುಂಗೈ ಹಿಡಿದಳು. "ಆ ನೀರು ಈ ಮಣ್ಣಿಗೆ ಸುರಿ. ಬೇಗ!"

ಇಬ್ಬರೂ ಕೆಸರು ಕಲಸಿ ಉರಿಯ ಮೇಲೆ ಮೆತ್ತಿದರು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಿರುಕಿನಿಂದ ಉರಿ ನಾಲಗೆ ಚಾಚುತ್ತಿತ್ತು. ಅಂಗೈ ಬೊಬ್ಬೆ ಎದ್ದರೂ ಅವಳು ಬಿಡಲಿಲ್ಲ. ಕಡೆಗೆ ಬೆಳಕು ಅಡಗಿತು.

ಮೂರನೇ ದಿನ ಬಿಚ್ಚಿದರೆ ಗಡಿಗೆಗಳೆಲ್ಲ ಗಟ್ಟಿ. ಆದರೆ ಹೊಗೆ ಕುಡಿದು ಇದ್ದಿಲಿನಷ್ಟು ಕಪ್ಪು.

"ಸಾವಿನ ಮನೆ ಬಣ್ಣ ಕಣವ್ವಾ, ಬ್ಯಾಡ," ಎಂದು ಮೂರು ಮನೆಯವರು ಬಾಗಿಲಿನಿಂದಲೇ ಕಳಿಸಿದರು. ರಾಗಿ ಮುಗಿದಿತ್ತು. ಅವಳು ನೆಟ್ಟಗೆ ಗೌಡರ ಜಗಲಿಗೆ ಹೋದಳು.

ಗೌಡರು ಪತ್ರಿಕೆ ಓದುತ್ತಿದ್ದರು. "ಬರ್ಮಾದಿಂದ ಜನ ನಡ್ಕೊಂಡೇ ಬರ್ತಾ ಅವ್ರಂತೆ ಮುತ್ಯಾಲಿ. ಹಿಡಿ ಅನ್ನ ಇಲ್ದೆ ಸಾಯ್ತಾ ಅವ್ರಂತೆ. ನಂಗೆ ಊಟವೇ ಸೇರಾಕಿಲ್ಲ." ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ಮುತ್ಯಾಲಮ್ಮ ಎಲ್ಲಕ್ಕಿಂತ ದೊಡ್ಡ ಗಡಿಗೆಯನ್ನು ಅವರ ಮುಂದಿಟ್ಟಳು. "ಹಸಿವು ಅಷ್ಟು ದೂರದಿಂದ ಬರಬೇಕಾ ಗೌಡ್ರೇ? ಇದನ್ನ ತುಂಬಿಸಿ."

ಗೌಡರ ಮುಖ ಬಿಗಿಯಿತು. ಬೀದಿಯಲ್ಲಿ ನಿಂತಿದ್ದ ಬೈರಣ್ಣ ತಲೆ ತಗ್ಗಿಸಿದ.

ಒಳಗಿನಿಂದ ಗೌಡರ ಹೆಂಡತಿ ಲಕ್ಷ್ಮೀದೇವಮ್ಮ ಬಂದರು. ಬೊಬ್ಬೆ ಎದ್ದ ಅಂಗೈ ನೋಡಿದರು. ಗಡಿಗೆಯನ್ನು ಬೆರಳಲ್ಲಿ ತಟ್ಟಿದರು. ಕಂಚಿನ ಹಾಗೆ ಟಣ್ ಎಂದಿತು. ಅದನ್ನೆತ್ತಿಕೊಂಡು ಕಣಜದ ಕಡೆ ನಡೆದರು.

ಗೌಡರ ಮನೆಯಲ್ಲಿ ಕರಿ ಗಡಿಗೆ ಕಂಡ ಮೇಲೆ ಆ ಮೂರು ಮನೆಯವರೂ ತಮಗೂ ಒಂದು ಬೇಕೆಂದು ಹೇಳಿಕಳಿಸಿದರು.